ಏಪ್ರಿಲ್ 27ರಿಂದ ಮೇ 3: ಊರ ಹಬ್ಬ, ಹಿಂದೆಯೇ ಮದುವೆ, ಎಲ್ಲಾ ಬಯಲಲ್ಲೇ. ಮಳೆ ಹೇಗಿರಬಹುದು?

ಪಟ್ಟಣದ ಹುಡುಗಿ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಏಪ್ರಿಲ್ 27ರ ಸೋಮವಾರದಿಂದ ಊರ ಹಬ್ಬ. ಸೋಮವಾರ ಸಂಜೆ ತಂಬಿಟ್ಟಿನ ಆರತಿ, ಮಂಗಳವಾರ ಬೆಳಗಿನ ಜಾವ ಕೊಂಡ, ಅಂದರೆ ಕೆಂಡ ಹಾಯುವುದು, ಬುಧವಾರ ತೇರು. ಅದು ಮುಗಿಯುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಗ್ಗೆ ಮುಹೂರ್ತ. ಛತ್ರ ಬೇಡ, ಮನೆ ಮುಂದೆಯೇ ಚಪ್ಪರ ಹಾಕಿ ಮಾಡಬೇಕು ಅಂತ ಅಪ್ಪನ ಆಸೆ. ಮೇ 17ಕ್ಕೆ ಅಧಿಕ ಜ್ಯೇಷ್ಠ ಶುರುವಾಗುತ್ತದೆ, ಹಾಗಾಗಿ ದಿನ ಮುಂದೆ ಹಾಕುವ ಮಾತೇ ಇಲ್ಲ.

ಈಗ ತಲೆಬಿಸಿ ಏನೆಂದರೆ ಮಳೆ. ಒಂದು ಆಪ್ ನೋಡಿದರೆ ವಾರಪೂರ್ತಿ 40% ಮಳೆ ಅನ್ನುತ್ತದೆ, ಇನ್ನೊಂದು ಬರೀ ಬಿಸಿಲು ತೋರಿಸುತ್ತದೆ, ಮೂರನೆಯದು ಬೆಳಗ್ಗೆ ಒಂದು ಹೇಳಿ ಸಂಜೆಗೆ ಮಾತು ಬದಲಿಸುತ್ತದೆ. ನಮ್ಮ ದೊಡ್ಡಪ್ಪ ಭರಣಿ ಮಳೆ ಹುಟ್ಟುವುದೇ 27ಕ್ಕೆ, ಬಂದೇ ಬರುತ್ತದೆ ಅಂತ ಹೆದರಿಸಿ ಕೂತಿದ್ದಾರೆ. ಪೆಂಡಾಲಿನವರಿಗೆ ಅಡ್ವಾನ್ಸ್ ಕೊಡುವ ಮೊದಲು ಕೇಳುತ್ತಿದ್ದೇನೆ. ಆ ವಾರದಲ್ಲಿ ಯಾವ ದಿನ ಮಳೆ ಇರಲ್ಲ ಅಂತ ಗೊತ್ತಾಗುವ ದಾರಿ ಏನಾದರೂ ಇದೆಯಾ? ಯಾವುದನ್ನು ನಂಬಬೇಕು? ತಿಳಿದವರು ದಯವಿಟ್ಟು ಹೇಳಿ.

ಮೋಡ ನೋಡುವವ

ಮೊದಲು ತಂಗಿಗೆ ಶುಭಾಶಯ ಹೇಳಿ ಅಕ್ಕ.

ಯಾವ ದಿನ ಮಳೆ ಇರಲ್ಲ ಅನ್ನುವುದನ್ನು ಹತ್ತು ದಿನ ಮುಂಚೆ ಯಾರೂ ಹೇಳಲಾರರು. ಆಪ್ ಹೇಳಿದರೂ ನಂಬಬೇಡಿ. ಆದರೆ ಯಾವ ಹೊತ್ತಿನಲ್ಲಿ ಭಯ, ಯಾವ ಹೊತ್ತಿನಲ್ಲಿ ನಿರಾಳ ಅನ್ನುವುದನ್ನು ಇವತ್ತೇ ಹೇಳಬಹುದು, ಅದು ನಿಮಗೆ ದಿನಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಬೀಳುವುದು ಮುಂಗಾರು ಪೂರ್ವ ಮಳೆ. ಇದರ ರೀತಿಯೇ ಬೇರೆ. ಜುಲೈ ತಿಂಗಳ ಹಾಗೆ ದಿನವಿಡೀ ಮುಸುಕಿಕೊಂಡು ಸುರಿಯುವುದಿಲ್ಲ. ಬೆಳಗ್ಗೆಯಿಂದ ಬಿಸಿಲು ನೆಲವನ್ನು ಕಾಯಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದಲೂ ಬಂಗಾಳ ಕೊಲ್ಲಿಯ ಕಡೆಯಿಂದಲೂ ಬರುವ ತೇವದ ಗಾಳಿ ನಮ್ಮ ಒಳನಾಡಿನಲ್ಲಿ ಸೇರುತ್ತದೆ. ಈ ದಿನಗಳಲ್ಲಿ ಹವಾಮಾನ ಇಲಾಖೆಯ ವರದಿಯಲ್ಲಿ ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಗೆರೆ ಇದೆ ಅಂತ ಮತ್ತೆ ಮತ್ತೆ ಬರುತ್ತಿರುತ್ತದೆ, ನೋಡಿರಬಹುದು. ಆ ಗೆರೆ ನಮ್ಮ ತಲೆಯ ಮೇಲಿದ್ದು, ತೇವವೂ ಸಾಕಷ್ಟಿದ್ದರೆ, ಮಧ್ಯಾಹ್ನ ಮೂರರ ಮೇಲೆ ಗುಡುಗು ಶುರುವಾಗುತ್ತದೆ. ಮೂರರಿಂದ ರಾತ್ರಿ ಒಂಬತ್ತರವರೆಗೆ ಜೋರು. ಕೆಲವು ಸಲ ನಡುರಾತ್ರಿವರೆಗೂ ಎಳೆಯುತ್ತದೆ. ಆಮೇಲೆ ನೆಲ ತಣ್ಣಗಾಗಿ ಮೋಡಕ್ಕೆ ಕಸುವು ಸಿಗುವುದಿಲ್ಲ, ಬೆಳಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ.

ಅಂದರೆ ನಿಮ್ಮ ಭಾನುವಾರದ ಮುಹೂರ್ತ ಒಳ್ಳೆಯ ಹೊತ್ತಿನಲ್ಲಿದೆ. ಕೊಂಡವೂ ಪರವಾಗಿಲ್ಲ. ತೇರನ್ನು ಎಷ್ಟು ಗಂಟೆಗೆ ಎಳೆಯುತ್ತಾರೆ ನೋಡಿ, ಮಧ್ಯಾಹ್ನ ಒಂದರೊಳಗೆ ನೆಲೆಗೆ ನಿಂತರೆ ಚೆನ್ನ. ಸೋಮವಾರದ ಆರತಿ ಮತ್ತು ಶನಿವಾರದ ಆರತಕ್ಷತೆ, ಇವೆರಡೇ ಸರಿಯಾಗಿ ಗುಡುಗಿನ ಹೊತ್ತಿಗೆ ಬಿದ್ದಿವೆ. ನಿಮ್ಮ ದುಡ್ಡು, ಶ್ರಮ, ಚಿಂತೆ ಎಲ್ಲವೂ ಆ ಎರಡು ಸಂಜೆಗಳ ಮೇಲೆ ಇರಲಿ.

ಆ 40% ಬಗ್ಗೆ. ದಿನದ 40 ಭಾಗ ಮಳೆ ಅಂತ ಅಲ್ಲ, ತಾಲ್ಲೂಕಿನ ನೂರಕ್ಕೆ ನಲವತ್ತು ಊರಿಗೆ ಅಂತಲೂ ಅಲ್ಲ. ನೀವು ಗುರುತು ಹಾಕಿದ ಜಾಗದಲ್ಲಿ ಆ ದಿನ ಒಂದಿಷ್ಟಾದರೂ ಮಳೆ ಬೀಳುವ ಸಾಧ್ಯತೆ ಅಷ್ಟು. ಹತ್ತು ನಿಮಿಷ ಬಂದು ಹೋದರೂ ಲೆಕ್ಕಕ್ಕೆ ಸೇರಿತು. ಇನ್ನು ಲೆಕ್ಕ ಹಾಕುವ ಕಂಪ್ಯೂಟರ್‌ಗಳು ಭೂಮಿಯನ್ನು ಚೌಕ ಚೌಕವಾಗಿ ನೋಡುತ್ತವೆ. ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇನಲ್ಲಿ ಬಂದ ಮೇಲೆ ಆ ಚೌಕ 12 ಕಿಲೋಮೀಟರ್‌ನಿಂದ 6ಕ್ಕೆ ಇಳಿದಿದೆ, ದೊಡ್ಡ ಸುಧಾರಣೆಯೇ. ಆದರೂ ಒಂದು ಗುಡುಗಿನ ಮೋಡ ಪಕ್ಕದ ಊರಿನ ಕೆರೆ ಏರಿಯವರೆಗೆ ಸುರಿದು ನಿಮ್ಮೂರಿಗೆ ಒಂದು ಹನಿಯೂ ಹಾಕದೆ ಹೋಗಬಹುದು. ಅದನ್ನು ಹತ್ತು ದಿನ ಮುಂಚೆ ಹಿಡಿಯುವ ಲೆಕ್ಕ ಇನ್ನೂ ಬಂದಿಲ್ಲ. ಅದಕ್ಕೇ ಆಪ್‌ಗಳು ದಿನಕ್ಕೊಂದು ಮಾತಾಡುವುದು.

ತೋಟದ ಮನೆ, ಸಕಲೇಶಪುರ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹಾಸನ ಜಿಲ್ಲೆ ಅಂತ ಬಂದ ಮುನ್ಸೂಚನೆಯನ್ನು ನೋಡಿ ಹೆದರಬೇಡಿ, ಹಾಗೇ ನಿರಾಳವೂ ಆಗಬೇಡಿ. ನಮ್ಮ ಸಕಲೇಶಪುರ ಮಲೆನಾಡು, ನಿಮ್ಮ ಕಡೆ, ಅರಸೀಕೆರೆ ಕಡೆ ಬಯಲುಸೀಮೆ. ಜಿಲ್ಲೆ ಒಂದೇ, ಮಳೆ ಬೇರೆ ಬೇರೆ. ನಮಗೆ ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬರದಿದ್ದರೆ ಕಾಫಿ ಹೂ ಬಿಡುವುದೇ ಇಲ್ಲ, ಸ್ಪ್ರಿಂಕ್ಲರ್ ಹಾಕಬೇಕು. ಹೂ ಆದ ಮೇಲೆ ಇನ್ನೊಂದು ಮಳೆಗೂ ಕಾಯುತ್ತೇವೆ. ನೀವು ಬೇಡ ಬೇಡ ಅನ್ನುವ ಮಳೆಗೇ ನಾವು ಆಕಾಶ ನೋಡಿಕೊಂಡು ಕೂತಿರುತ್ತೇವೆ!

ನಿಮ್ಮ ದೊಡ್ಡಪ್ಪ ಹೇಳಿದ್ದೂ ಸುಮ್ನೆ ಅಲ್ಲ. ಅಶ್ವಿನಿ ಮುಗಿದು ಭರಣಿ ಹುಟ್ಟುವುದು ಏಪ್ರಿಲ್ 27ರ ಆಸುಪಾಸು, ಮೇ 11ರ ಸುಮಾರಿಗೆ ಕೃತ್ತಿಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆಯೇ ಇದೆ ಅಲ್ವಾ. ಹಿರಿಯರು ತಲೆತಲಾಂತರದಿಂದ ನೋಡಿ ಹೇಳಿದ್ದು.

ಮೋಡ ನೋಡುವವ

ತೋಟದವರೇ, ಖಂಡಿತ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಅದಕ್ಕೇ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ವರ್ಷದ ಈ ಹದಿನೈದು ದಿನ ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಹೇಗಿರುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಅಳತೆ. ಉಳುಮೆಗೆ, ಬಿತ್ತನೆಗೆ ಸಾಕು. ಶನಿವಾರ ಸಂಜೆ ಏಳು ಗಂಟೆಗೆ ಸಾಲದು, ಯಾಕೆಂದರೆ ವರ್ಷದಿಂದ ವರ್ಷಕ್ಕೆ ಅಷ್ಟೊಂದು ವ್ಯತ್ಯಾಸ. ಬೆಂಗಳೂರನ್ನೇ ನೋಡಿ. 2023ರ ಮೇ ತಿಂಗಳಲ್ಲಿ ಅಲ್ಲಿ 300 ಮಿಲಿಮೀಟರ್ ದಾಟಿತು. ಮುಂದಿನ ವರ್ಷ, 2024ರ ಏಪ್ರಿಲ್ ಪೂರ್ತಿ ಮಳೆಯೇ ಇಲ್ಲದೆ ಹೋಗಿ, ತಿಂಗಳ ಕೊನೆಯಲ್ಲಿ ಬಿಸಿಲು 38 ಡಿಗ್ರಿ ದಾಟಿತು.

ಪಟ್ಟಣದ ಹುಡುಗಿ

ಹೊತ್ತಿನ ಲೆಕ್ಕ ಹೇಳಿದ್ದು ತುಂಬಾ ಉಪಕಾರ ಆಯ್ತು ಅಣ್ಣ. ಹಾಗಾದರೆ ಈಗಿನಿಂದ ಆ ದಿನದವರೆಗೆ ನಾನು ಏನೇನು ನೋಡುತ್ತಾ ಹೋಗಬೇಕು? ಯೆಲ್ಲೋ ಅಲರ್ಟ್ ಅಂತ ಟಿವಿಯಲ್ಲಿ ಬಂದರೆ ಮನೆಯವರೆಲ್ಲ ಗಾಬರಿ ಆಗುತ್ತಾರೆ, ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು?

ಮೋಡ ನೋಡುವವ

ದೂರದಿಂದ ಹತ್ತಿರಕ್ಕೆ ಬನ್ನಿ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಕೊಡುತ್ತದೆ. ಏಪ್ರಿಲ್ 23ರದ್ದನ್ನು ನೋಡಿ. ದಕ್ಷಿಣ ಒಳನಾಡಿಗೆ ಆ ವಾರ ವಾಡಿಕೆಗಿಂತ ಜಾಸ್ತಿಯೋ ಕಡಿಮೆಯೋ ಅನ್ನುವುದಷ್ಟೇ ಅದರಲ್ಲಿ ಸಿಗುತ್ತದೆ, ಅದಕ್ಕಿಂತ ಹೆಚ್ಚು ಅದರಿಂದ ಹಿಂಡಬೇಡಿ. ಐದು ದಿನ ಉಳಿದಾಗ ಜಿಲ್ಲಾವಾರು ಮುನ್ಸೂಚನೆ ಶುರು ಮಾಡಿ. ಅದರಲ್ಲಿ ಬರುವ ಮಾತುಗಳಿಗೆ ಅಳತೆ ಇದೆ. ಒಂದೆರಡು ಕಡೆ ಅಂದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. ಕೆಲವು ಕಡೆ ಅಂದರೆ ಅರ್ಧದವರೆಗೆ. ಬಹುತೇಕ ಕಡೆ ಅಂತ ಬಂದರೆ ಮುಕ್ಕಾಲಿಗಿಂತ ಜಾಸ್ತಿ, ಆಗ ನಿಮಗೂ ಬರುತ್ತದೆ ಅಂತಲೇ ತಿಳಿಯಿರಿ.

ಹಳದಿ ಅಂದರೆ ಗಮನ ಇಟ್ಟಿರಿ ಅಂತ. ಏಪ್ರಿಲ್, ಮೇನಲ್ಲಿ ಗುಡುಗು ಗಾಳಿಗೆ ಹಳದಿ ಬರುವುದು ಮಾಮೂಲು, ಗಾಬರಿ ಬೇಡ. ಕಿತ್ತಳೆ ಬಂದರೆ ಸಿದ್ಧರಾಗಿ ಅಂತ, ಅವತ್ತು ಸಂಜೆಯ ಕಾರ್ಯಕ್ರಮವನ್ನು ಪಕ್ಕಾ ಸೂರಿನ ಕೆಳಗೆ ಸರಿಸಲು ತಯಾರಿರಿ. ಕೆಂಪು ಬಂದರೆ ಯೋಚನೆ ಮಾಡುತ್ತಾ ಕೂರುವ ಹೊತ್ತಲ್ಲ. ಬಣ್ಣದ ಜೊತೆ ಗಾಳಿಯ ವೇಗ ಬರೆದಿರುತ್ತಾರೆ, ಗಂಟೆಗೆ 30ರಿಂದ 40 ಕಿಲೋಮೀಟರ್, 40ರಿಂದ 50 ಹೀಗೆ. ನಿಮ್ಮ ವಿಷಯದಲ್ಲಿ ಮಳೆಯ ಪ್ರಮಾಣಕ್ಕಿಂತ ಈ ಅಂಕಿ ಮುಖ್ಯ.

ಆ ದಿನವೇ ಆದಾಗ ಹವಾಮಾನ ಇಲಾಖೆಯ ಮೌಸಮ್ ಆಪ್‌ನಲ್ಲಿ ಮುಂದಿನ ಮೂರು ಗಂಟೆಯ ಎಚ್ಚರಿಕೆ ಬರುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಕನ್ನಡದಲ್ಲೇ ವಿಚಾರಿಸಬಹುದು. ರೈತರಿಗಾಗಿ ಇಟ್ಟಿರುವುದು, ಸಂಕೋಚ ಬೇಡ, ಕೇಳಿ.

ಇದೆಲ್ಲದರ ಜೊತೆ ನಿಮ್ಮ ಕಣ್ಣೂ ಇರಲಿ. ಬೆಳಗ್ಗೆ ಏಳಕ್ಕೇ ಮೈಗೆ ಅಂಟಂಟು ಸೆಕೆ, ಹನ್ನೊಂದರ ಹೊತ್ತಿಗೆ ಬಿಳಿ ಮೋಡಗಳು ಹೂಕೋಸಿನ ಹಾಗೆ ಮೇಲಕ್ಕೆ ಉಕ್ಕುತ್ತಿದ್ದರೆ ಅವತ್ತು ಸಂಜೆ ಹುಷಾರು. ಎರಡು ಗಂಟೆಯಾದರೂ ಮೋಡಗಳು ಚಪ್ಪಟೆಯಾಗಿ, ಚದುರಿಕೊಂಡೇ ಇದ್ದರೆ ಅರ್ಧ ಚಿಂತೆ ಬಿಡಿ.

ಈ ಬೆಳಗ್ಗೆ ಒಳ್ಳೆಯದು, ಸಂಜೆ ಕೆಟ್ಟದ್ದು ಅನ್ನುವ ಲೆಕ್ಕ ಕೆಡುವುದು ಹೆಚ್ಚಾಗಿ ಒಂದು ಸಂದರ್ಭದಲ್ಲಿ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಚಂಡಮಾರುತ ಎದ್ದರೆ ಹೊತ್ತುಗೊತ್ತು ಇಲ್ಲದೆ ಮೋಡ ಮುಸುಕಬಹುದು. 2020ರಲ್ಲಿ ಅಂಫಾನ್, 2021ರಲ್ಲಿ ತೌಕ್ತೆ, 2023ರಲ್ಲಿ ಮೋಕಾ, ಎಲ್ಲವೂ ಮೇ ತಿಂಗಳಲ್ಲೇ ಎದ್ದವು. ಆದರೆ ಅದು ಹೇಳದೆ ಕೇಳದೆ ಬರುವುದಿಲ್ಲ, ದಿನಗಟ್ಟಲೆ ಮುಂಚೆ ಸುದ್ದಿಯಾಗುತ್ತದೆ.

ಪೆಂಡಾಲ್ ಕೆಲಸ

ಮೇಡಂ, ನಾನು ಇದೇ ಕಸುಬಿನವನು, ಅದಕ್ಕೇ ನೇರವಾಗಿ ಹೇಳುತ್ತೇನೆ. ಏಪ್ರಿಲ್ ಕೊನೆಯಲ್ಲಿ ಬರೀ ಬಟ್ಟೆಯ ಶಾಮಿಯಾನ ಹಾಕಿಸಬೇಡಿ. ನೆರಳಿಗೆ ಚೆನ್ನ, ಮಳೆಗೆ ಅಲ್ಲ. ಚಪ್ಪಟೆ ಮೇಲ್ಛಾವಣಿ ಬೇಡವೇ ಬೇಡ. ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿಗೆ 60 ಅಡಿ ಶಾಮಿಯಾನ ಅಂದರೆ ಸುಮಾರು 167 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆ, ಅಂದರೆ ಅರ್ಧ ಗಂಟೆಯ ಒಂದು ಜೋರು ಮಳೆ, ಬಂದರೆ ಅದರ ಮೇಲೆ ಬೀಳುವುದು 1,670 ಲೀಟರ್. ಅದರಲ್ಲಿ ಕಾಲು ಭಾಗ ಒಂದು ಕಡೆ ಜೋತುಬಿದ್ದು ನಿಂತರೂ ನಾನೂರು ಕೇಜಿ ಮೇಲೆ, ಕೆಳಗೆ ಊಟದ ಪಂಕ್ತಿ ಕೂತಿರುತ್ತದೆ. ಹುಡುಗರು ಕೋಲಿನಿಂದ ತಿವಿದು ನೀರು ಚೆಲ್ಲಲು ಹೋಗಿ ಬಟ್ಟೆ ಹರಿಯುತ್ತದೆ.

ಎರಡು ಕಡೆ ಇಳಿಜಾರು ಇರುವ ತಗಡಿನ ಶೀಟಿನ ಪೆಂಡಾಲ್ ಕೇಳಿ. ದುಡ್ಡು ಜಾಸ್ತಿ ಆಗುತ್ತದೆ, ಆದರೂ ಅದನ್ನೇ ಕೇಳಿ. ಶೀಟನ್ನು ಹುಕ್ ಹಾಕಿ ಬಿಗಿದಿದ್ದಾರಾ, ಬರೀ ಮೇಲಿಟ್ಟು ಹಗ್ಗ ಕಟ್ಟಿದ್ದಾರಾ ಅಂತ ನೀವೇ ನಿಂತು ನೋಡಿ. ಇಳಿಜಾರಿನ ನೀರು ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಗೇಣು ಆಳ ಕಾಲುವೆ ತೆಗೆಸಿ, ಇಲ್ಲದಿದ್ದರೆ ನೀರು ಸೀದಾ ಒಲೆಯ ಹತ್ತಿರಕ್ಕೋ ಹಸೆಮಣೆಯ ಹತ್ತಿರಕ್ಕೋ ಹೋಗುತ್ತದೆ.

ಗಾಳಿಯ ವಿಷಯ ಇನ್ನೂ ಮುಖ್ಯ. ಈ ಕಾಲದಲ್ಲಿ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಒಂದೇ ಸಲ ತಣ್ಣಗೆ ಬೀಸಿ, ಧೂಳೆದ್ದು, ಆಮೇಲೆ ಹನಿ. ಪೆಂಡಾಲ್ ಬೀಳುವುದು ಆ ಹತ್ತು ನಿಮಿಷದಲ್ಲೇ. ಗಂಟೆಗೆ 50 ಕಿಲೋಮೀಟರ್ ಗಾಳಿ ಪ್ರತಿ ಚದರ ಮೀಟರ್ ಮೇಲೆ ಹನ್ನೆರಡು ಕೇಜಿಯಷ್ಟು ತಳ್ಳುತ್ತದೆ. 10 ಅಡಿಗೆ 20 ಅಡಿಯ ಒಂದು ಪಕ್ಕದ ಪರದೆಗೆ ಇನ್ನೂರು ಕೇಜಿ ದಾಟಿತು. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವುದು ನಾಲ್ಕರಷ್ಟು. ಅದಕ್ಕೇ ಗಾಳಿ ಎದ್ದ ತಕ್ಷಣ ಪಕ್ಕದ ಪರದೆಗಳನ್ನು ಬಿಚ್ಚಿ ಗಾಳಿಗೆ ದಾರಿ ಬಿಡಬೇಕು. ಜನ ಚಳಿ, ಎರಚಲು ಅಂತ ಪರದೆ ಎಳೆದು ಮುಚ್ಚುತ್ತಾರೆ, ಅಲ್ಲೇ ಅಪಾಯ. ಯಾರು ಬಿಚ್ಚುವುದು ಅಂತ ಮೊದಲೇ ಇಬ್ಬರನ್ನು ನೇಮಿಸಿ.

ಜನರೇಟರ್ ಮತ್ತು ವೈರಿಂಗ್ ಕೂಡ ಕೇಳಿ. ನೆಲದ ಮೇಲೆ ಜಾಯಿಂಟ್ ಇರುವ ವೈರ್ ಬೇಡ. ಅರ್ಥಿಂಗ್ ಇರಲೇಬೇಕು, ಸೋರಿಕೆ ಆದರೆ ಟ್ರಿಪ್ ಆಗುವ ಬ್ರೇಕರ್ ಇದ್ದರೆ ಇನ್ನೂ ಒಳ್ಳೆಯದು. ಕಬ್ಬಿಣದ ಕಂಬ, ಒದ್ದೆ ನೆಲ, ಸೀರಿಯಲ್ ಸೆಟ್, ಬರಿಗಾಲಿನ ಮಕ್ಕಳು. ಬೇರೆ ಹೇಳಬೇಕಾಗಿಲ್ಲ.

ಮೇಷ್ಟ್ರು, ತಿಪಟೂರು

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಸಿಡಿಲಿನ ಮಾತು ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ತಂಬಿಟ್ಟಿನ ಆರತಿ ಅಂದರೆ ಹೆಣ್ಣುಮಕ್ಕಳೆಲ್ಲ ತಲೆಯ ಮೇಲೆ ಆರತಿ ತಟ್ಟೆ ಹೊತ್ತು ಬಯಲಲ್ಲಿ ಸಾಲಾಗಿ ನಡೆದು ಬರುವುದು. ಹೊತ್ತೂ ಸಂಜೆಯೇ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮೆರವಣಿಗೆ ಹೊರಡಿಸಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾದು ಆಮೇಲೆ ಹೊರಡಿ. ದೇವರ ಕೆಲಸ ತಡವಾಯ್ತು ಅಂತ ಯಾರಾದರೂ ಗದರಿದರೂ ಹಿಡಿದ ಪಟ್ಟು ಬಿಡಬೇಡಿ. ತಾಯಿ ಕಾಯುತ್ತಾಳೆ.

ಮಳೆ ಬಂತು ಅಂತ ಜನ ಓಡುವುದು ಅರಳಿಮರದ ಕೆಳಗೆ, ತೆಂಗಿನ ತೋಟದೊಳಗೆ. ಎರಡೂ ಕೂಡದು. ಪೆಂಡಾಲ್ ಸಹ ಸಿಡಿಲಿಗೆ ಆಸರೆ ಅಲ್ಲ. ಶಾಲೆಯ ಕಟ್ಟಡ, ಆರ್‌ಸಿಸಿ ಮನೆ, ಬಾಗಿಲು ಹಾಕಿದ ಕಾರು ಅಥವಾ ಬಸ್ಸು, ಇಷ್ಟೇ. ಶಾಲೆಯ ಬೀಗದ ಕೈ ಆ ದಿನ ಯಾರ ಹತ್ತಿರ ಇದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ದಾಮಿನಿ ಅಂತ ಒಂದು ಆಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು. ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದೆಯಾ ಅಂತ ತೋರಿಸುತ್ತದೆ. ಹಬ್ಬದ ಕಮಿಟಿಯಲ್ಲಿ ಒಬ್ಬರಿಗೆ ಅದೊಂದೇ ಕೆಲಸ ಕೊಡಿ.

ಪಟ್ಟಣದ ಹುಡುಗಿ

ಎಲ್ಲರಿಗೂ ಕೈಮುಗಿದೆ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಮನೆ ಮುಂದೆ ಹಸಿರು ಚಪ್ಪರ ಶಾಸ್ತ್ರಕ್ಕೆ, ಭಾನುವಾರದ ಮುಹೂರ್ತ ಅಲ್ಲೇ. ಶನಿವಾರದ ಆರತಕ್ಷತೆ, ಊಟ ಮಾತ್ರ ಶೀಟಿನ ಪೆಂಡಾಲ್‌ನಲ್ಲಿ. ಶಾಲೆಯ ಹಾಲ್ ಕೂಡ ಕೇಳಿಟ್ಟಿದ್ದೇವೆ, ಕಿತ್ತಳೆ ಬಂದರೆ ಅಲ್ಲಿಗೆ. ಕಮಿಟಿಯವರಿಗೂ ಹೇಳಿದೆ, ಆರತಿಯನ್ನು ನಾಲ್ಕೂವರೆ ಬದಲು ಗುಡುಗು ನೋಡಿಕೊಂಡು ಹೊರಡಿಸಲು ಒಪ್ಪಿದ್ದಾರೆ. ಅವರದ್ದೇ ಒಂದು ಪ್ರಶ್ನೆ ಉಳಿದಿದೆ. ಕೊಂಡ ಬೆಳಗಿನ ಜಾವ ಅನ್ನುವುದೇನೋ ಸರಿ, ಆದರೆ ಸೌದೆ ಜೋಡಿಸುವುದು ಸೋಮವಾರ ಸಂಜೆಯೇ. ಆಗ ಮಳೆ ಬಂದರೆ? ಹಾಗೆಯೇ ತೇರಿನ ದಾರಿ ಒದ್ದೆಯಾದರೆ?

ಮೇಷ್ಟ್ರು, ತಿಪಟೂರು

ಸೌದೆಯನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಒಂದು ಗೇಣು ಎತ್ತರಕ್ಕೆ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ. ಕೊಂಡದ ಗುಂಡಿಗೆ ಸಂಜೆಯೇ ಸುರಿಯಬೇಡಿ. ಗುಂಡಿಯ ಸುತ್ತ ಮಣ್ಣಿನ ಬದು ಹಾಕಿ, ಇಲ್ಲದಿದ್ದರೆ ಅಂಗಳದ ನೀರೆಲ್ಲ ಅದಕ್ಕೇ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ ಆಕಾಶ ನೋಡಿ ಸೌದೆ ಇಳಿಸಿ ಹೊತ್ತಿಸಿದರೂ ಜಾವಕ್ಕೆ ಕೆಂಡ ಆಗುತ್ತದೆ. ಕೆಂಡ ಆದ ಮೇಲೆ ಮಳೆ ಹನಿದರೆ ಮೇಲೆ ಬೂದಿ ಒದ್ದೆಯಾಗಿ ತಣ್ಣಗೆ ಕಾಣಿಸುತ್ತದೆ, ಒಳಗೆ ಹಾಗೇ ಉರಿಯುತ್ತಿರುತ್ತದೆ, ಬಿಸಿ ಹಬೆಯೂ ಏಳುತ್ತದೆ. ಅಂಥ ಹೊತ್ತಿನಲ್ಲಿ ಯಾರನ್ನೂ ಹಾಯಲು ಬಿಡಬೇಡಿ, ಹೊಸದಾಗಿ ಕೆದಕಿ ಸಮ ಮಾಡಿ ಪೂಜಾರಪ್ಪನವರು ಒಪ್ಪಿದ ಮೇಲೆಯೇ.

ತೇರಿನ ದಾರಿಯಲ್ಲಿ ತಗ್ಗಿರುವ ಕಡೆ ಈಗಲೇ ಗ್ರಾವೆಲ್ ಹಾಕಿಸಿ ರೋಲರ್ ಓಡಿಸಿ. ಮಂಗಳವಾರ ಸಂಜೆ ಮಳೆಯಾದರೆ ಬುಧವಾರ ಬೆಳಗ್ಗೆ ತೇರು ಎಳೆಯುವ ಮೊದಲು ಚಕ್ರದ ಜಾಡಿನಲ್ಲಿ ಒಬ್ಬರು ನಡೆದು ನೋಡಲಿ, ಹಿಮ್ಮಡಿ ಹೂತರೆ ಅಲ್ಲಿಗೆ ಇನ್ನೊಂದು ಟ್ರ್ಯಾಕ್ಟರ್ ಜಲ್ಲಿ ಬೇಕು. ಒದ್ದೆ ಹಗ್ಗ ಜಾರುತ್ತದೆ, ಎಳೆಯುವ ಹುಡುಗರಿಗೆ ಹೇಳಿ. ಕರೆಂಟಿನವರಿಗೆ ಪತ್ರ ಕೊಟ್ಟು ತೇರು ಚಲಿಸುವಷ್ಟು ಹೊತ್ತು ಆ ಬೀದಿಯ ಲೈನ್ ತೆಗೆಸಿ. ಒಣಗಿದ್ದರೂ ತೆಗೆಸಲೇಬೇಕು, ಒದ್ದೆಯಿದ್ದರಂತೂ ಅದಿಲ್ಲದೆ ತೇರಿನ ಹಗ್ಗ ಮುಟ್ಟಲು ಬಿಡಬೇಡಿ.

ಮೋಡ ನೋಡುವವ

26ರ ಭಾನುವಾರ ಸಂಜೆ ಇಲ್ಲೇ ಬಂದು ಐದು ದಿನದ ಮುನ್ಸೂಚನೆ ನೋಡಿ ಬರೆಯುತ್ತೇನೆ. ಮತ್ತೆ 30ರ ಗುರುವಾರ, ಮದುವೆಗೆ. ಅಷ್ಟರಲ್ಲಿ ನಿಮ್ಮ ಕಡೆ ಸಂಜೆ ಮಳೆ ಶುರುವಾಗಿದ್ದರೆ ಎಷ್ಟು ಗಂಟೆಗೆ ಬಂತು, ಗಾಳಿ ಯಾವ ದಿಕ್ಕಿನಿಂದ ಬೀಸಿತು ಅಂತ ದಿನಾ ಒಂದು ಸಾಲು ಹಾಕಿಡಿ ಅಕ್ಕ. ಅದಿದ್ದರೆ ಪೆಂಡಾಲಿನ ಬಾಗಿಲು ಯಾವ ಕಡೆ ಇಡುವುದು ಅಂತಲೂ ಹೇಳಲು ಸುಲಭ.